ಪಂದಿ, ಪುಟ್ಟು, ಪುಳಿ: ಭಾಷೆಯ ಓದು ವಿಜ್ಞಾನ ಆದದ್ದು ಹೇಗೆ?

ಪ್ರಶ್ನೆ: ನನ್ನ ಮಗಳು ಬಿ.ಎ. ಮುಗಿಸಿದ್ದಾಳೆ. ಈಗ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡ್ತೇನೆ ಅಂತ ಹಟ ಹಿಡಿದಿದ್ದಾಳೆ. ವ್ಯಾಕರಣ ಓದುವುದಕ್ಕೆ ವಿಜ್ಞಾನ ಅಂತ ಹೆಸರು ಯಾಕೆ? ಲ್ಯಾಬ್ ಇಲ್ಲ, ಪ್ರಯೋಗ ಇಲ್ಲ. ಪಾಣಿನಿ, ಕೇಶಿರಾಜ ಎಲ್ಲ ಆಗಲೇ ಬರೆದಿಟ್ಟು ಹೋಗಿದ್ದಾರೆ, ಇನ್ನು ಹೊಸದಾಗಿ ಕಂಡುಹಿಡಿಯಲು ಏನುಂಟು? ನಮ್ಮ ಮನೆಮಾತು ಕೊಡವ ತಕ್ಕ್. ಅದು ಕನ್ನಡದ್ದೇ ಒಂದು ಉಪಭಾಷೆ, ಲಿಪಿಯೂ ಇಲ್ಲ ಅಂತ ಜನ ಹೇಳ್ತಾರೆ. ಇಂಥ ಮಾತಿಗೆ ಆ ವಿಜ್ಞಾನದಲ್ಲಿ ಜಾಗ ಉಂಟಾ? (ಒಬ್ಬ ತಂದೆ, ನಾಪೋಕ್ಲು)

ಉತ್ತರ: ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಉಂಟು. 200 ವರ್ಷದಿಂದ ಉಂಟು. ಉಳಿದದ್ದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಲ್ಯಾಬ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ನಕ್ಷತ್ರವನ್ನು ಯಾರೂ ಲ್ಯಾಬಿಗೆ ತಂದಿಟ್ಟಿಲ್ಲ, ಆದರೂ ಖಗೋಳ ವಿಜ್ಞಾನ ವಿಜ್ಞಾನವೇ ಅಲ್ವಾ? ನೀವು ಹೇಳಿದ ಮಾತು ತಪ್ಪಾಗಿದ್ದರೆ ಅದು ತಪ್ಪು ಅಂತ ತೋರಿಸಲು ಬೇರೆಯವರಿಗೆ ಒಂದು ದಾರಿ ಇರಬೇಕು. ನನ್ನ ಲೆಕ್ಕದಲ್ಲಿ ವಿಜ್ಞಾನಕ್ಕೆ ಮುಖ್ಯವಾಗಿ ಬೇಕಾದದ್ದು ಅದು. "ನಮ್ಮ ಭಾಷೆ ಜೇನಿನಂತೆ ಸಿಹಿ" ಅಂದರೆ ಅದನ್ನು ತಪ್ಪು ಅಂತ ತೋರಿಸಲು ಯಾರಿಂದಲೂ ಆಗುವುದಿಲ್ಲ. ಕೇಳಲು ಚೆನ್ನಾಗಿರುತ್ತದೆ, ಅಷ್ಟೇ. ಭಾಷೆಯ ಬಗ್ಗೆ ತಪ್ಪಾಗಬಹುದಾದ ಮಾತುಗಳನ್ನು ಆಡುವ ಧೈರ್ಯ ಜನರಿಗೆ ಯಾವಾಗ ಬಂತೋ, ಆವಾಗ ಈ ಓದು ವಿಜ್ಞಾನದ ಕಡೆ ತಿರುಗಿತು.

ಅದು ಹೇಗಿರುತ್ತದೆ ಅಂತ ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಕನ್ನಡದಲ್ಲಿ ಹಂದಿ, ನಿಮ್ಮಲ್ಲಿ ಪಂದಿ. ಕನ್ನಡದ ಹುಳಿ ನಿಮ್ಮಲ್ಲಿ ಪುಳಿ. ಪಂದಿ ಕರಿಗೆ ಹಾಕುವ ಕಾಚಂಪುಳಿಯ ಬಾಲದಲ್ಲಿರುವುದು ಅದೇ. ಹಾಲು ಪಾಲ್, ಹಣ್ಣು ಪಣ್ಣ್, ಹತ್ತು ಪತ್ತ್, ಹಾವು ಪಾಂಬ್. ಹಬ್ಬದ ಹೆಸರೂ ಹಾಗೇ: ಪೇಪರಿನಲ್ಲಿ ಹುತ್ತರಿ, ಮನೆಯಲ್ಲಿ ಪುತ್ತರಿ. ಒಂದೆರಡು ಪದ ಹೊಂದಿದರೆ ಕಾಕತಾಳೀಯ ಅನ್ನಬಹುದು. ಸಾಲುಸಾಲಾಗಿ ಹೊಂದಿದರೆ ಹಿಂದೆ ಏನೋ ನಡೆದಿದೆ ಅಂತ ಅರ್ಥ.

ಏನು ನಡೆದಿದೆ? ಎರಡು ಊಹೆ ಸಾಧ್ಯ. ಮೊದಲು ಎಲ್ಲರೂ ಹ ಅನ್ನುತ್ತಿದ್ದರು, ಕೊಡವರು ಅದನ್ನು ಪ ಮಾಡಿದರು. ಇಲ್ಲವಾದರೆ ಮೊದಲು ಎಲ್ಲರೂ ಪ ಅನ್ನುತ್ತಿದ್ದರು, ಕನ್ನಡದವರು ಹ ಮಾಡಿದರು. ಅಕ್ಕಪಕ್ಕ ನೋಡಿದರೆ ತಮಿಳು, ಮಲಯಾಳ, ತುಳು ಎಲ್ಲದರಲ್ಲೂ ಪ ಇದೆ, ಕನ್ನಡ ಒಂದೇ ಬೇರೆ. ಹಾಗಾಗಿ ಎರಡನೇ ಊಹೆಗೆ ಬಲ ಜಾಸ್ತಿ. ಇಲ್ಲಿವರೆಗೆ ಇದು ಬರೀ ಊಹೆ. ಈಗ ಪರೀಕ್ಷೆ: ಆ ಊಹೆ ಸರಿಯಾಗಿದ್ದರೆ ಹಳೆಯ ಕನ್ನಡದಲ್ಲಿ ಪ ಸಿಗಬೇಕು. 10ನೇ ಶತಮಾನದ ಪಂಪನನ್ನು ತೆರೆಯಿರಿ: ಪೂ, ಪಾಲ್, ಪುಲಿ. ಅದಕ್ಕಿಂತ ಹಿಂದಿನ ಶಾಸನಗಳಲ್ಲೂ ಪ. ಅಲ್ಲಿಂದ ಮುಂದೆ ಮೆಲ್ಲಗೆ ಹ ಕಾಣಿಸಿಕೊಳ್ಳುತ್ತದೆ, ಕೆಲವು ಶತಮಾನದಲ್ಲಿ ಪದದ ಮೊದಲಿನ ಪ ಪೂರ್ತಿ ಹ ಆಗಿಬಿಡುತ್ತದೆ. ಎರಡು ಪ ಒಟ್ಟಿಗೆ ಇದ್ದಲ್ಲಿ ಅದು ಅಲುಗಲಿಲ್ಲ. ಉಪ್ಪು ಉಪ್ಪಾಗಿಯೇ ಇದೆ, ಅಪ್ಪನೂ ಅಪ್ಪನೇ. ಅಂದರೆ ಬದಲಾವಣೆಗೆ ಒಂದು ಷರತ್ತು ಇತ್ತು, ಆ ಷರತ್ತನ್ನು ಅದು ಮೀರಲಿಲ್ಲ.

ಇದು ಸುಲಭದ ಉದಾಹರಣೆ. ಇನ್ನು ಪುಟ್ಟಿಗೆ ಬರೋಣ, ನನಗೆ ಇಷ್ಟವಾದ ಭಾಗ.

ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಎಲ್ಲ ನಿಮ್ಮ ಮನೆಯ ಅಕ್ಕಿ ತಿಂಡಿಗಳು. ಇವುಗಳಲ್ಲಿರುವ ಪುಟ್ಟು ಕನ್ನಡದ ಹಿಟ್ಟು. ಪ ಮತ್ತು ಹ ಲೆಕ್ಕ ಸರಿಹೋಯಿತು. ಆದರೆ ಹಿ ಇದ್ದ ಕಡೆ ಪಿ ಬರಬೇಕಿತ್ತಲ್ಲ, ಪು ಯಾಕೆ ಬಂತು? ಹಳೆಯ ಕಾಲದ ಪಂಡಿತರಾದರೆ "ಜನರ ಬಾಯಲ್ಲಿ ಕೆಟ್ಟಿತು" ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಹೋಗದೆ ನಿಂತು ನೋಡಿದರೆ ಇಂಥವು ಇನ್ನೂ ಸಿಗುತ್ತವೆ. ಕನ್ನಡದ ಹಿಡಿ ನಿಮ್ಮಲ್ಲಿ ಪುಡಿ. ಬಿಡು ಅನ್ನುವುದು ಬುಡ್. ಹೆಣ್ಣು ಪೊಣ್ಣ್. ಬೆಳ್ಳಿ ಬೊಳ್ಳಿ. ಇ ಇದ್ದಲ್ಲಿ ಉ, ಎ ಇದ್ದಲ್ಲಿ ಒ. ಹಾಗಂತ ಎಲ್ಲ ಕಡೆ ಹೀಗಿಲ್ಲ. ಬೆಲ್ಲ ನಿಮ್ಮಲ್ಲೂ ಬೆಲ್ಲವೇ, ಬೊಲ್ಲ ಆಗಿಲ್ಲ. ಬೆಲ್ಲಕ್ಕೂ ಬೆಳ್ಳಿಗೂ ಏನು ವ್ಯತ್ಯಾಸ? ಒಂದರಲ್ಲಿ ಲ, ಇನ್ನೊಂದರಲ್ಲಿ ಳ. ನಿಧಾನವಾಗಿ ಎರಡನ್ನೂ ಹೇಳಿ ನೋಡಿ. ಳ ಹೇಳುವಾಗ ನಾಲಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಟ, ಡ, ಣ ಹೇಳುವಾಗಲೂ ಹಾಗೇ. ಮೇಲಿನ ಪದಗಳನ್ನು ಮತ್ತೆ ನೋಡಿ: ಪುಟ್ಟು, ಪುಡಿ, ಬುಡ್, ಪೊಣ್ಣ್, ಬೊಳ್ಳಿ. ಎಲ್ಲದರಲ್ಲೂ ಮುಂದೆ ತುಟಿ ಸೇರಿಸಿ ಹೇಳುವ ಪ ಅಥವಾ ಬ, ಹಿಂದೆ ನಾಲಗೆ ಮಡಚಿ ಹೇಳುವ ಅಕ್ಷರ, ನಡುವೆ ಸಿಕ್ಕಿಕೊಂಡ ಇ ಅಥವಾ ಎ.

ಮುಂದೆ ತುಟಿಯ ಅಕ್ಷರ ಇಲ್ಲದಿದ್ದರೆ? ಆಗಲೂ ಸ್ವರ ಸುಮ್ನೆ ಕೂರುವುದಿಲ್ಲ. ಎಳ್ಳು, ಎಂಟು ಅನ್ನುವುದಕ್ಕೆ ನಿಮ್ಮ ಅಮ್ಮ ಏನು ಹೇಳುತ್ತಾರೆ ಅಂತ ಕೇಳಿ. ಆ ಮೊದಲ ಸ್ವರ ಕನ್ನಡದ ಎ ಅಲ್ಲ, ಅ ಕೂಡ ಅಲ್ಲ, ಬಾಯಿಯ ನಡುವೆ ಎಲ್ಲೋ ಹುಟ್ಟುತ್ತದೆ. ಇ ಕಾರಕ್ಕೂ ಹೀಗೇ ಒಂದು ಜೊತೆ ಇದೆ. ಕನ್ನಡ ಲಿಪಿಯಲ್ಲಿ ಇವಕ್ಕೆ ಅಕ್ಷರ ಇಲ್ಲ, ಹಾಗಾಗಿ ಕೊಡವ ತಕ್ಕ್ ಬರೆಯುವವರು ಒಬ್ಬೊಬ್ಬರು ಒಂದೊಂದು ಉಪಾಯ ಮಾಡುತ್ತಾರೆ. ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಬೊಳ್ಳಿಯಲ್ಲಿ ಆದದ್ದೂ ಎಳ್ಳಿನಲ್ಲಿ ಆದದ್ದೂ ಒಂದೇ ಘಟನೆ. ಮುಂದೆ ಬರಲಿರುವ ಮಡಚಿದ ನಾಲಗೆ ಇ, ಎ ಸ್ವರಗಳನ್ನು ಬಾಯಿಯ ಹಿಂದಕ್ಕೆ ಎಳೆಯಿತು. ತುಟಿ ಆಗಲೇ ಕೆಲಸದಲ್ಲಿದ್ದರೆ ಸ್ವರ ಗುಂಡಗಾಗಿ ಉ, ಒ ಆಯಿತು. ಇಲ್ಲದಿದ್ದರೆ ನಡುವೆ ನಿಂತಿತು. ಬೇರೆ ಬೇರೆ ಅಂತ ಕಂಡ ಎರಡು ಗೊಂದಲಕ್ಕೆ ಒಂದೇ ಕಾರಣ.

ಕೊಡವ ಸ್ವರಗಳ ಈ ಲೆಕ್ಕವನ್ನು ಬಿಡಿಸಿ ಬರೆದವರು ಎಂ.ಬಿ. ಎಮೆನೊ, 1970ರಲ್ಲಿ. ಇವರ ವಿಷಯ ಮುಂದೆ ಬರುತ್ತದೆ. ಸದ್ಯಕ್ಕೆ ಗಮನಿಸಬೇಕಾದದ್ದು ಬೇರೆ. ಈ ನಿಯಮ ತನ್ನ ಕುತ್ತಿಗೆಯನ್ನು ತಾನೇ ಮುಂದೆ ಚಾಚಿ ನಿಂತಿದೆ. ನಿಮ್ಮ ಮಗಳು ನಾಳೆ ಒಂದು ಕೊಡವ ಪದ ತಂದು, ಇದರಲ್ಲಿ ಪ ಇದೆ, ಣ ಇದೆ, ಆದರೂ ಎ ಹಾಗೇ ಉಳಿದಿದೆ, ಏನು ಹೇಳ್ತೀರಿ ಅಂತ ಕೇಳಬಹುದು. ಆಗ ಅದು ಶಾಲೆ, ಪೇಟೆ ಮೂಲಕ ಈಚೆಗೆ ಕನ್ನಡದಿಂದ ಬಂದ ಪದವೇ ಅಂತ ನೋಡಬೇಕು. ಅಲ್ಲ ಅಂತಾದರೆ ನಿಯಮವನ್ನೇ ತಿದ್ದಬೇಕು. ಎಮೆನೊ ಹೇಳಿದ್ದಾರೆ ಅನ್ನುವುದು ಉತ್ತರ ಆಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ತುಳುವಿನಲ್ಲೂ ಬೊಳ್ಳಿ, ಪೊಣ್ಣು ಅನ್ನುತ್ತಾರೆ. ಆಡುತಮಿಳಿನಲ್ಲೂ ಪೊಣ್ಣು, ಪುಡಿ. ಹಾಗಾದರೆ ಇದು ಒಂದೇ ಮೂಲದಿಂದ ಬಂತಾ, ಅಕ್ಕಪಕ್ಕದ ಒಡನಾಟದಿಂದ ಹಬ್ಬಿತಾ, ಇಲ್ಲ ಬಾಯಿಯ ರಚನೆಯೇ ಹಾಗಿರುವುದರಿಂದ ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟಿತಾ? ಹೊಸದಾಗಿ ಕಂಡುಹಿಡಿಯಲು ಏನುಂಟು ಅಂದಿರಲ್ಲ, ಇಂಥದ್ದು ಬೇಕಾದಷ್ಟು ಉಂಟು.

ಈಗ ಪಾಣಿನಿ. ಅವರನ್ನು ಕೆಳಗಿಡುವ ಪ್ರಶ್ನೆಯೇ ಇಲ್ಲ. ಸುಮಾರು 4000 ಸೂತ್ರಗಳಲ್ಲಿ ಒಂದು ಇಡೀ ಭಾಷೆಯನ್ನು ಕಟ್ಟಿಕೊಟ್ಟ ಕೆಲಸ ಅದು. ಅಮೆರಿಕದಲ್ಲಿ ಈ ಓದಿಗೆ ಅಡಿಪಾಯ ಹಾಕಿದ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಅದನ್ನು ಮನುಷ್ಯನ ಬುದ್ಧಿಯ ಅತಿ ದೊಡ್ಡ ಸ್ಮಾರಕಗಳಲ್ಲಿ ಒಂದು ಅಂತ ಹೊಗಳಿದರು, ಹೊಗಳಿದ್ದು ಮಾತ್ರವಲ್ಲ, ಕಲಿತರು ಕೂಡ. ಕೇಶಿರಾಜ 13ನೇ ಶತಮಾನದಲ್ಲಿ ಕಾವ್ಯದ ಕನ್ನಡಕ್ಕೆ ವ್ಯಾಕರಣ ಬರೆದ, ಅದೂ ಸಣ್ಣ ಕೆಲಸವಲ್ಲ. ಆದರೆ ಇಬ್ಬರ ಗುರಿಯೂ ಮುಖ್ಯವಾಗಿ ಒಂದು ಭಾಷೆಯ ಶಿಷ್ಟ ರೂಪ ಹೇಗಿದೆ ಅನ್ನುವುದು. ಎರಡು ಭಾಷೆ ಯಾಕೆ ಹೋಲುತ್ತವೆ, ಒಂದು ಭಾಷೆ ಕಾಲ ಕಳೆದಂತೆ ಯಾವ ಲೆಕ್ಕದಲ್ಲಿ ಬದಲಾಗುತ್ತದೆ, ಎಲ್ಲ ಭಾಷೆಗಳಿಗೂ ಸಾಮಾನ್ಯವಾದದ್ದು ಏನು ಅನ್ನುವ ಪ್ರಶ್ನೆಗಳು ಆಮೇಲಿನವು.

ಅವು ಶುರುವಾದದ್ದೂ ನಮ್ಮ ದೇಶದ ನೆಲದಲ್ಲೇ ಅನ್ನಬಹುದು. 1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಅನ್ನುವ ನ್ಯಾಯಾಧೀಶರು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಪ್ರಾಯಶಃ ಈಗ ಉಳಿದಿಲ್ಲ ಅಂದರು. ಶಾಲೆಯ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ನಮಗೆ ಮುಖ್ಯವಾದದ್ದು 30 ವರ್ಷದ ನಂತರ ಮದ್ರಾಸಿನಲ್ಲಿ ನಡೆದದ್ದು. 1816ರಲ್ಲಿ ಅಲ್ಲಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್, ಒಂದು ತೆಲುಗು ವ್ಯಾಕರಣದ ಮೊದಲಿಗೆ ಸೇರಿಸಿದ ಟಿಪ್ಪಣಿಯಲ್ಲಿ, ತಮಿಳು, ತೆಲುಗು, ಕನ್ನಡ ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಇವುಗಳದ್ದೇ ಬೇರೆ ಕುಟುಂಬ ಅಂತ ಧಾತುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಆ ಕುಟುಂಬದ ಪಟ್ಟಿಯಲ್ಲಿ ಮಲಯಾಳ, ತುಳು ಜೊತೆ ಕೊಡಗಿನ ಮಾತಿನ ಹೆಸರೂ ಇದೆ. ಮೇಲೆ 200 ವರ್ಷ ಅಂದದ್ದು ಇದಕ್ಕೇ. ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ದೊಡ್ಡ ವ್ಯಾಕರಣ ತಂದದ್ದು 1856ರಲ್ಲಿ, ಹೆಸರು ಅವರಿಗೇ ಜಾಸ್ತಿ ಹೋಯಿತು. 1867ರಲ್ಲಿ ಕೊಡಗಿನ ಸೂಪರಿಂಟೆಂಡೆಂಟ್ ಆಗಿದ್ದ ಮೇಜರ್ ಕೋಲ್ ಕೊಡವ ಭಾಷೆಗೆಂದೇ ಒಂದು ಸಣ್ಣ ವ್ಯಾಕರಣ ಅಚ್ಚು ಹಾಕಿಸಿದರು. ಆಡಳಿತದ ಅನುಕೂಲಕ್ಕೆ ಮಾಡಿದ್ದು, ಆದರೂ ಮಾಡಿದರು.

ಯೂರೋಪಿನಲ್ಲಿ ಎಲ್ಲಿಸ್ ಕಾಲದ ಆಸುಪಾಸಿನಲ್ಲೇ ಧ್ವನಿಗಳ ಲೆಕ್ಕ ಶುರುವಾಗಿತ್ತು. ಡೆನ್ಮಾರ್ಕಿನ ರಾಸ್ಕ್, ಜರ್ಮನಿಯ ಯಾಕೋಬ್ ಗ್ರಿಮ್ ಇಬ್ಬರೂ ಲ್ಯಾಟಿನ್, ಗ್ರೀಕ್ ಪದಗಳ ಪ ಇದ್ದಲ್ಲಿ ಜರ್ಮನ್ ಗುಂಪಿನ ಭಾಷೆಗಳಲ್ಲಿ ಫ ಬರುತ್ತದೆ ಅಂತ ಕಂಡರು. ಲ್ಯಾಟಿನ್ನಿನ ಪಾತೆರ್, ಇಂಗ್ಲಿಷಿನ ಫಾದರ್. ಪ ಸಡಿಲವಾಗುವುದು ನಮ್ಮಲ್ಲಿ ಮಾತ್ರ ಆದದ್ದಲ್ಲ, ನೋಡಿ. ಆದರೆ ಅವರ ನಿಯಮಕ್ಕೂ ಪುಟ್ಟಿನಂಥ ತೊಡಕುಗಳಿದ್ದವು. ತ ಇದ್ದಲ್ಲಿ ಥ ಬರಬೇಕು. ಹಳೆಯ ಗೋಥಿಕ್ ಭಾಷೆಯಲ್ಲಿ ಸಹೋದರ ಅನ್ನುವ ಪದದಲ್ಲಿ ಹಾಗೇ ಬಂದಿದೆ, ತಂದೆ ಅನ್ನುವ ಪದದಲ್ಲಿ ಮಾತ್ರ ದ ಬಂದಿದೆ. 50 ವರ್ಷ ಇದು ಅಪವಾದ ಅಂತಲೇ ನಡೆಯಿತು. ಡೆನ್ಮಾರ್ಕಿನವರೇ ಆದ ಕಾರ್ಲ್ ವರ್ನರ್ 1877ರಲ್ಲಿ ಅಚ್ಚಾದ ಲೇಖನದಲ್ಲಿ ಕಾರಣ ತೋರಿಸಿದರು, ಮತ್ತು ಆ ಕಾರಣ ಸಿಕ್ಕಿದ್ದು ಎಲ್ಲಿ ಗೊತ್ತಾ, ನಮ್ಮ ವೇದಪಾಠದ ಸ್ವರಗಳಲ್ಲಿ! ವೇದದ ಉಚ್ಚಾರಣೆಯಲ್ಲಿ ಭ್ರಾತೃ ಪದಕ್ಕೆ ಉದಾತ್ತ ಸ್ವರ ಮೊದಲ ಅಕ್ಷರದ ಮೇಲೆ, ಪಿತೃ ಪದಕ್ಕೆ ಕೊನೆಯ ಅಕ್ಷರದ ಮೇಲೆ. ಒತ್ತು ತ ಕಾರಕ್ಕಿಂತ ಮೊದಲೇ ಬಿದ್ದಿದ್ದರೆ ಥ ಉಳಿಯಿತು, ಇಲ್ಲದಿದ್ದರೆ ದ ಆಯಿತು. ಜರ್ಮನಿಯ ಕಡೆಯ ಒಂದು ವ್ಯಂಜನದ ಕಥೆಗೆ ಸಾಕ್ಷಿ ವೇದ ಹೇಳುವವರ ಬಾಯಲ್ಲಿ ಸಾವಿರಾರು ವರ್ಷ ಕಾದಿತ್ತು. ಪಾಠ ಕೆಡದಂತೆ ಇಟ್ಟವರಿಗೆ ಇಂಥದ್ದೊಂದು ಉಪಯೋಗ ಇದೆ ಅಂತ ಕನಸಿನಲ್ಲೂ ಗೊತ್ತಿರಲಿಲ್ಲ.

ವರ್ನರ್ ಲೇಖನ ಬಂದ ಮೇಲೆ ಜರ್ಮನಿಯ ಲೈಪ್‌ಜಿಗ್‌ನ ಹೊಸ ತಲೆಮಾರಿನ ಭಾಷಾವಿಜ್ಞಾನಿಗಳಿಗೆ ಧೈರ್ಯ ಬಂತು. 1878ರಲ್ಲಿ ಅವರು ಧ್ವನಿನಿಯಮಕ್ಕೆ ಅಪವಾದವೇ ಇಲ್ಲ, ಇದೆ ಅನ್ನಿಸಿದರೆ ನೀವು ಸರಿಯಾಗಿ ಹುಡುಕಿಲ್ಲ ಅಂತ ಸಾರಿಬಿಟ್ಟರು. ಅತಿಯಾಯಿತು ಅಂತ ಆಗಲೂ ಬೈದವರಿದ್ದಾರೆ, ಈಗಲೂ ಇದ್ದಾರೆ. ನನಗೆ ಮಾತ್ರ ಅದು ಕೆಲಸಕ್ಕೆ ಬರುವ ಅತಿ ಅನಿಸುತ್ತದೆ, ಯಾಕೆಂದರೆ ಅಪವಾದ ಅಂತ ಕೈತೊಳೆದುಕೊಳ್ಳುವ ದಾರಿಯನ್ನು ಅದು ಮುಚ್ಚಿತು.

ಅದೇ ಲೈಪ್‌ಜಿಗ್‌ನಲ್ಲಿ ಓದುತ್ತಿದ್ದ ಜಿನೀವಾದ ಹುಡುಗ ಫರ್ಡಿನಾಂಡ್ ಡಿ ಸಸ್ಯೂರ್. ವಯಸ್ಸು 21. 1878ರ ಕೊನೆಯಲ್ಲಿ ಅವನ ಒಂದು ಪುಸ್ತಕ ಬಂತು. ಸಂಸ್ಕೃತ, ಗ್ರೀಕ್ ಮೊದಲಾದವುಗಳ ಸ್ವರಗಳಲ್ಲಿ ಇರುವ ಗೊಂದಲ ಬಗೆಹರಿಯಬೇಕಾದರೆ, ಮೂಲ ಭಾಷೆಯಲ್ಲಿ ಯಾರೂ ಕೇಳಿರದ ಒಂದೆರಡು ಧ್ವನಿಗಳು ಇದ್ದಿರಲೇಬೇಕು, ಅವು ಪಕ್ಕದ ಸ್ವರವನ್ನು ಬದಲಾಯಿಸಿ ತಾವು ಮಾಯವಾಗಿವೆ ಅಂತ ಅವನ ವಾದ. ಆಗ ಗೊತ್ತಿದ್ದ ಯಾವ ಭಾಷೆಯಲ್ಲೂ ಆ ಧ್ವನಿ ಇರಲಿಲ್ಲ. ಬರೀ ಲೆಕ್ಕ. ಹೆಚ್ಚಿನವರು ನಂಬಲಿಲ್ಲ. ಸಸ್ಯೂರ್ 1913ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಹ್ರೋಜ್ನಿ ಅನ್ನುವ ಚೆಕ್ ವಿದ್ವಾಂಸ, ಟರ್ಕಿಯ ನೆಲದಲ್ಲಿ ಅಗೆದು ತೆಗೆದ ಮಣ್ಣಿನ ಹಲಗೆಗಳ ಮೇಲಿನ ಹಿಟ್ಟೈಟ್ ಭಾಷೆ ಸಂಸ್ಕೃತ, ಗ್ರೀಕ್ ಸೇರಿದ ಅದೇ ಇಂಡೋ-ಯೂರೋಪಿಯನ್ ಕುಟುಂಬದ್ದು ಅಂತ ತೋರಿಸಿದರು. 1927ರಲ್ಲಿ ಪೋಲೆಂಡಿನ ಕುರಿವೋವಿಚ್ ಆ ಹಲಗೆಗಳನ್ನು ಸಸ್ಯೂರ್ ಲೆಕ್ಕದ ಪಕ್ಕ ಇಟ್ಟು ನೋಡಿದರು. ಹುಡುಗ ಬೆರಳಿಟ್ಟು ತೋರಿಸಿದ್ದ ಹಲವು ಜಾಗಗಳಲ್ಲಿ ಒಂದು ಹ ತರಹದ ಅಕ್ಷರ ಕೂತಿತ್ತು. ಎಲ್ಲ ಕಡೆ ಅಲ್ಲ, ಆದರೆ ಸುಮ್ನೆ ಹೊಂದಿತು ಅನ್ನಲಾಗದಷ್ಟು ಕಡೆ. ಸುಮಾರು 50 ವರ್ಷ ಮೊದಲು ಹೇಳಿದ ಮಾತು, ಹೇಳಿದವರು ನೋಡದ ಸಾಕ್ಷಿಯಿಂದ ನಿಜವಾಯಿತು. ಲ್ಯಾಬ್ ಎಲ್ಲಿ ಅಂತ ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಜನ ಸಸ್ಯೂರ್ ಹೆಸರು ನೆನಪಿಡುವುದು ಬೇರೆ ಕಾರಣಕ್ಕೆ. 1907ರಿಂದ 1911ರವರೆಗೆ ಜಿನೀವಾದಲ್ಲಿ ಮಾಡಿದ ಪಾಠಗಳನ್ನು, ವಿದ್ಯಾರ್ಥಿಗಳ ನೋಟ್ಸ್ ಸೇರಿಸಿ, 1916ರಲ್ಲಿ ಅಚ್ಚು ಹಾಕಿದರು. ಭಾಷೆಯ ಚರಿತ್ರೆ ಒಂದು, ಇವತ್ತು ಆಡುವವನ ತಲೆಯಲ್ಲಿರುವ ವ್ಯವಸ್ಥೆ ಇನ್ನೊಂದು, ಎರಡನ್ನೂ ಕಲಸಬೇಡಿ ಅಂತ ಅದರ ತಿರುಳು. ಬೊಳ್ಳಿ ಅನ್ನುವ ಮಗುವಿಗೆ ಹಿಂದೆ ಎ ಇತ್ತು ಅಂತ ಗೊತ್ತಿರಬೇಕಾಗಿಲ್ಲ ಅಲ್ವಾ?

ಇವತ್ತಿನ ವ್ಯವಸ್ಥೆ ಮುಖ್ಯ ಅಂತಾದ ಮೇಲೆ ಲಿಪಿ, ಕಾವ್ಯ, ಶಾಸನ ಇಲ್ಲದ ಮಾತಿಗೂ ಸಮಾನ ಬೆಲೆ ಬಂತು. ಲಿಪಿ ಇಲ್ಲದ್ದು ಭಾಷೆಯಲ್ಲ ಅನ್ನುವವರಿಗೆ ಇಂಗ್ಲಿಷ್ ಬರೆಯುವುದು ರೋಮನ್ನರಿಂದ ಸಾಲ ತಂದ ಅಕ್ಷರದಲ್ಲಿ ಅಂತ ನೆನಪಿಸಿ. ಅಮೆರಿಕದಲ್ಲಿ ಬೋಆಸ್, ಸಪೀರ್, ಬ್ಲೂಮ್‌ಫೀಲ್ಡ್ ಅಲ್ಲಿನ ಮೂಲನಿವಾಸಿಗಳ ಭಾಷೆಗಳನ್ನು ಕಿವಿಯಿಂದ ಕೇಳಿ ಬರೆಯುವ ಕ್ರಮವನ್ನು ಗಟ್ಟಿ ಮಾಡಿದರು. ಆ ಭಾಷೆಗೆ ಲ್ಯಾಟಿನ್ ವ್ಯಾಕರಣದ ಅಂಗಿ ತೊಡಿಸಬೇಡಿ, ಅದರ ಅಳತೆ ಅದರಿಂದಲೇ ತೆಗೆಯಿರಿ ಅಂತ ಅವರ ಹಟ. ಸಪೀರ್ ಹತ್ತಿರ ಈ ವಿದ್ಯೆ ಕಲಿತ ಎಮೆನೊ 1935ರಿಂದ 1938ರವರೆಗೆ ನಮ್ಮ ಕಡೆ ಇದ್ದರು. ನೀಲಗಿರಿಯ ತೋಡ, ಕೋತ ಭಾಷೆಗಳ ಜೊತೆ ಕೊಡವ ತಕ್ಕ್ ಕೂಡ ಕೇಳಿ ಬರೆದುಕೊಂಡರು. ಮುಂದೆ ಟಿ. ಬರೋ ಜೊತೆ ಸೇರಿ ದ್ರಾವಿಡ ಭಾಷೆಗಳ ಪದಮೂಲ ಕೋಶ ತಂದರು, ಮೊದಲು 1961ರಲ್ಲಿ, ಹೊಸ ಆವೃತ್ತಿ 1984ರಲ್ಲಿ. ಅದರಲ್ಲಿ 5,500ಕ್ಕೂ ಜಾಸ್ತಿ ನಮೂದುಗಳಿವೆ. ತಮಿಳು, ಕನ್ನಡದ ಸಾಲಿನಲ್ಲೇ ಕೊಡವ ಪದಗಳೂ ಕೂತಿವೆ, ಪುಟ್ಟು ಸೇರಿ.

ಹೊರಗಿನವರೇ ಮಾಡಿದರು ಅಂದುಕೊಳ್ಳಬೇಡಿ. ನಮ್ಮದೇ ಜಿಲ್ಲೆಯ ಪೆರಾಜೆಯ ಕುಶಾಲಪ್ಪ ಗೌಡರು ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ 1970ರಲ್ಲಿ ಗೌಡ ಕನ್ನಡದ, ಅಂದರೆ ನಮ್ಮ ಅರೆಭಾಷೆಯ, ವ್ಯಾಕರಣ ತಂದರು. ಮನೆಯಲ್ಲಿ ಆಡುವ ಮಾತು, ಪೇಟೆಯಲ್ಲಿ ಆಡಲು ನಾಚಿಕೆ ಪಡುವ ಮಾತು, ಅದಕ್ಕೂ ಧ್ವನಿ, ಪದ, ವಾಕ್ಯ ಎಲ್ಲದರಲ್ಲೂ ನಿಯಮ ಇದೆ ಅಂತ ತೋರಿಸಿದ ಕೆಲಸ. ಕೊಡವ ಭಾಷೆಯ ವ್ಯಾಕರಣವನ್ನು ಆರ್. ಬಾಲಕೃಷ್ಣನ್ ಅಲ್ಲಿಂದಲೇ 1977ರಲ್ಲಿ ತಂದರು.

ಹಾಗಾದರೆ ಕೊಡವ ತಕ್ಕ್ ಕನ್ನಡದ ಉಪಭಾಷೆಯಾ? ಅಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಪ ಉಳಿದಿದೆ, ಹಳೆಗನ್ನಡದಲ್ಲೂ ಪ ಇತ್ತು, ಆದ್ದರಿಂದ ಇದು ಹಳೆಗನ್ನಡವೇ ಅಂತ ಭಾಷಣದಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಆ ತರ್ಕ ನಿಲ್ಲುವುದಿಲ್ಲ. ಹಳೆಯದನ್ನು ಯಾರು ಬೇಕಾದರೂ ಉಳಿಸಿಕೊಂಡಿರಬಹುದು, ತಮಿಳರೂ ಉಳಿಸಿಕೊಂಡಿದ್ದಾರೆ. ಹತ್ತಿರದ ನೆಂಟಸ್ತಿಕೆ ಹೇಳಬೇಕಾದರೆ ಒಟ್ಟಿಗೆ ಮಾಡಿಕೊಂಡ ಹೊಸ ಬದಲಾವಣೆಗಳನ್ನು ನೋಡಬೇಕು. ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ದ್ರಾವಿಡ ಭಾಷೆಗಳ ಬಗ್ಗೆ ಬರೆದ 2003ರ ಪುಸ್ತಕದಲ್ಲಿ ಕನ್ನಡ ಮತ್ತು ನೀಲಗಿರಿಯ ಬಡಗ ಒಂದು ಕೊಂಬೆ. ಕೊಡವ ತಕ್ಕ್ ಇರುವುದು ಪಕ್ಕದ ಕೊಂಬೆಯಲ್ಲಿ, ತಮಿಳು, ಮಲಯಾಳ, ತೋಡ, ಕೋತಗಳ ಕಡೆ. ಹಾಗಂತ ಮಲಯಾಳದ ಮರಿಯೂ ಅಲ್ಲ. ಜನಗಣತಿಯಲ್ಲೂ ಅದನ್ನು ಬೇರೆ ಭಾಷೆ ಅಂತಲೇ ಎಣಿಸುತ್ತಾರೆ, 2011ರಲ್ಲಿ 1 ಲಕ್ಷದ 13 ಸಾವಿರ ಚಿಲ್ಲರೆ ಮಂದಿ.

ಅರ್ಥದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಲೆಕ್ಕ ಸಿಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡದ ನರಿ ಕೋಳಿ ಕದಿಯುತ್ತದೆ. ನಿಮ್ಮ ನರಿ ಹುಲಿ, ಅದನ್ನು ಕೊಂದವನಿಗೆ ಹಿಂದೆ ನರಿ ಮಂಗಲ ಅನ್ನುವ ಗೌರವದ ಶಾಸ್ತ್ರ ಮಾಡುತ್ತಿದ್ದರು. ಧ್ವನಿ ಒಂದಿನಿತೂ ಅಲುಗಿಲ್ಲ, ಪ್ರಾಣಿಯೇ ಬದಲಾಗಿದೆ. ಯಾವ ಪ್ರಾಣಿ ಯಾವುದಾಗುತ್ತದೆ ಅಂತ ಮೊದಲೇ ಹೇಳುವ ನಿಯಮ ಯಾರ ಹತ್ತಿರವೂ ಇಲ್ಲ. ಧ್ವನಿನಿಯಮಗಳೂ ಆದದ್ದನ್ನು ವಿವರಿಸುತ್ತವೆಯೇ ಹೊರತು ಮುಂದಿನ 100 ವರ್ಷದಲ್ಲಿ ಕನ್ನಡದ ಯಾವ ಅಕ್ಷರ ಏನಾಗುತ್ತದೆ ಅಂತ ಹೇಳಲಾರವು.

1957ರಲ್ಲಿ ನೋಮ್ ಚಾಮ್ಸ್ಕಿ ಇಡೀ ಗಮನವನ್ನು ಇನ್ನೊಂದು ಕಡೆ ತಿರುಗಿಸಿದರು. ಮಗು ಕೇಳುವುದು ಕೆಲವು ವಾಕ್ಯ, ಆಡುವುದು ಯಾರೂ ಆಡದ ವಾಕ್ಯಗಳನ್ನು. ತಲೆಯೊಳಗೆ ಹುಟ್ಟಿನಿಂದಲೇ ಏನೋ ಇರಬೇಕು ಅಂತ ಅವರ ವಾದ. ಇದರ ಸುತ್ತ ಆದ ಜಗಳ ಬರೆಯಲು ಹೋದರೆ ಮುಗಿಯುವುದಿಲ್ಲ, ಅದನ್ನು ಬಿಟ್ಟು ಕನ್ನಡದ ಒಂದು ಪ್ರಯೋಗ ಹೇಳುತ್ತೇನೆ. ನೀವು ಪ್ರಯೋಗ ಇಲ್ಲ ಅಂದಿರಲ್ಲ. ನಾವು ಏರು, ಏರಿಸು ಅನ್ನುತ್ತೇವೆ. ಇಸು ಬಂದರೆ ಯಾರೋ ಮಾಡಿಸಿದರು ಅಂತ ಅರ್ಥ, ಅದು ನಂಬಬಹುದಾದ ಗುರುತು. ವಾಕ್ಯದಲ್ಲಿ ಎರಡು ನಾಮಪದ ಇದ್ದರೂ ಒಬ್ಬರು ಇನ್ನೊಬ್ಬರಿಗೆ ಏನೋ ಮಾಡಿದರು ಅಂತ ಊಹಿಸಬಹುದು, ಆದರೆ ನಾಮಪದಗಳ ಎಣಿಕೆ ಅಷ್ಟು ನಂಬಿಕೆಯದ್ದಲ್ಲ, ಯಾಕೆಂದರೆ ಕನ್ನಡದಲ್ಲಿ ನಾವು ಬೇಕಾದಾಗ ನಾಮಪದ ಬಿಟ್ಟುಬಿಡುತ್ತೇವೆ, "ತಿಂದೆಯಾ?" "ತಿಂದೆ" ಅಂದರೆ ಮುಗಿಯಿತು. ಹಾಗಾದರೆ ಕನ್ನಡದ ಮಗು ಕ್ರಿಯಾಪದದ ಅರ್ಥ ತಿಳಿಯಲು ಇಸು ನೋಡುತ್ತದೋ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅಂತ ನೋಡುತ್ತದೋ? ಬರೀ ಕೇಳಿ ಕಲಿಯುವುದಾದರೆ ಇಸು ಗೆಲ್ಲಬೇಕು. 2003ರಲ್ಲಿ ಜೆಫ್ರಿ ಲಿಡ್ಜ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ಕನ್ನಡ ಮಾತಾಡುವ 3 ವರ್ಷದ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ಇಸು ಒಂದು ಕಡೆ ನಾಮಪದಗಳ ಎಣಿಕೆ ಇನ್ನೊಂದು ಕಡೆ ಎಳೆಯುವ ವಾಕ್ಯಗಳನ್ನು ಹೇಳಿ, ಆಡಿ ತೋರಿಸು ಅಂದರು. ಮಕ್ಕಳು ನಾಮಪದಗಳ ಎಣಿಕೆಯನ್ನೇ ಹಿಡಿದರು. ದೊಡ್ಡವರು ಇಸು ಗಮನಿಸಿದರು. ಇದರಿಂದ ಚಾಮ್ಸ್ಕಿ ಹೇಳಿದ್ದೆಲ್ಲ ಸರಿ ಅಂತ ಆಗುವುದಿಲ್ಲ. ಕೇಳಿದ್ದನ್ನಷ್ಟೇ ಕಲಿಯುತ್ತವೆ ಅನ್ನುವ ಸರಳ ಮಾತಿಗೆ ಪೆಟ್ಟು ಬಿತ್ತು, ಅಷ್ಟು.

ಇನ್ನೊಂದು ಕವಲು ಸಮಾಜದ್ದು. ವಿಲಿಯಂ ಲಬಾವ್ 1963ರಲ್ಲಿ ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಅನ್ನುವ ದ್ವೀಪದ ಬಗ್ಗೆ ಬರೆದರು. ಬೇಸಿಗೆ ಬಂದರೆ ಪ್ರವಾಸಿಗರು ಮುಗಿಬೀಳುವ ಊರು. ದ್ವೀಪ ನಮ್ಮದು, ಬಿಟ್ಟುಹೋಗುವುದಿಲ್ಲ ಅನ್ನುವವರ ಬಾಯಲ್ಲಿ ಕೆಲವು ಸ್ವರಗಳು ಊರಿನ ಹಳೆಯ ಧಾಟಿಗೆ ಮರಳುತ್ತಿದ್ದವು, ಹೊರಗೆ ಹೋಗಲು ಕಾದವರ ಬಾಯಲ್ಲಿ ಅಷ್ಟು ಇರಲಿಲ್ಲ. ಹೋಂಸ್ಟೇ ಬೋರ್ಡುಗಳ ನಡುವೆ ಬದುಕುವ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಹೋಗಿ ಬಂದ ಕೊಡವ ಹುಡುಗರ ಬಾಯಲ್ಲಿ ಆ ನಡುಸ್ವರಗಳು ಉಳಿದಿವೆಯಾ, ಎ ಕಡೆ ಜಾರಿವೆಯಾ ಅಂತ ಅಳೆದರೆ ಒಳ್ಳೆಯ ಎಂ.ಎ. ಪ್ರಬಂಧ ಆಗುತ್ತದೆ. ಅಳೆಯಲು ಪ್ರಾಟ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಲ್ಯಾಪ್‌ಟಾಪ್ ಸಾಕು. ಕೊನೆಗೂ ಲ್ಯಾಬ್ ಬಂತು ನೋಡಿ.

ಮಗಳನ್ನು ಸೇರಿಸಬೇಕಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಸಾಹಿತ್ಯ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಹೊರಟಿದ್ದರೆ ಬೇಡ, ಮೊದಲ ಸೆಮಿಸ್ಟರಿನಲ್ಲೇ ಸುಸ್ತಾಗುತ್ತಾಳೆ. ಒಗಟು ಬಿಡಿಸುವ ಚಟ ಇದ್ದರೆ ಧಾರಾಳವಾಗಿ ಕಳಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಇದೆ, ಒಮ್ಮೆ ಹೋಗಿ ನೋಡಿ ಬರಲಿ. ವಾಕ್ ಮತ್ತು ಶ್ರವಣ ಚಿಕಿತ್ಸೆಯವರಿಗೂ, ಕಂಪ್ಯೂಟರಿಗೆ ಮಾತು ಕಲಿಸುವವರಿಗೂ ಈ ಓದಿನ ಅಗತ್ಯ ಬೀಳುತ್ತದೆ. ಸಂಬಳದ ಭರವಸೆ ನಾನು ಕೊಡುವುದಿಲ್ಲ.

ಸೇರುವ ಮೊದಲು ಅವಳಿಗೆ ಒಂದು ಕೆಲಸ ಹಚ್ಚಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಎಂಟಕ್ಕೆ ಏನಂತೀರಿ, ಎಳ್ಳಿಗೆ ಏನಂತೀರಿ ಅಂತ ಪದ ಹಿಡಿದು ಕೇಳುವುದು ಆಮೇಲೆ, ಮೊದಲು ಗದ್ದೆ, ಮದುವೆ, ಮಳೆಗಾಲದ ಕಥೆ ಹೇಳಿಸಲಿ. ನಡುವೆ ತಿದ್ದಬಾರದು, "ಹಾಗಲ್ಲ ಅಜ್ಜಿ" ಅನ್ನಬಾರದು. ಯಾರು, ಯಾವ ಊರು, ವಯಸ್ಸೆಷ್ಟು, ಯಾವ ದಿನ ಅಂತ ಬರೆದಿಡಲಿ, ಅದಿಲ್ಲದ ರೆಕಾರ್ಡಿಂಗ್ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮದು ನಾಪೋಕ್ಲು ಕಡೆ, ಹಾಗಾಗಿ ಸಿಗುವುದು ಮೆಂದಲೆ ತಕ್ಕ್. ಪೊನ್ನಂಪೇಟೆ, ಶ್ರೀಮಂಗಲ ಕಡೆ ನೆಂಟರಿದ್ದರೆ ಅಲ್ಲಿಗೂ ಹೋಗಿ ಅದೇ ಪದಗಳನ್ನು ಕಿಗ್ಗಟ್ ತಕ್ಕ್‌ನಲ್ಲಿ ಕೇಳಿ ತರಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬೇರೆಯಾಗುತ್ತದೆ ಅಂತ ಪಟ್ಟಿ ಮಾಡಲಿ. ಆ ಪಟ್ಟಿ ಮಾಡುವಾಗ ರಾತ್ರಿ ಊಟ ಮರೆತರೆ ಅರ್ಜಿ ಫಾರಂ ತುಂಬಿಸಿ.